ಶಿಕ್ಷಕರ ಮುಖದಲ್ಲಿ ಮಗು ಓದುವ ಪಾಠ

ಮೈಸೂರಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಬೋಧಿಸುತ್ತ ನನಗೆ ಇಪ್ಪತ್ತಮೂರು ವರ್ಷಗಳಾದವು. ಈ ಅವಧಿಯಲ್ಲಿ ನನಗೆ ಅತಿ ಹೆಚ್ಚು ಸಲ ದೊರೆತ ಪ್ರಶಂಸೆ ಒಂದೇ: “ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಮೇಡಂ!” ಹೇಳುವವರ ಮನಸ್ಸಿನಲ್ಲಿ ಕಲ್ಮಶವಿರುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ, ನಾನೂ ಮುಗುಳ್ನಕ್ಕು ಸ್ವೀಕರಿಸುತ್ತೇನೆ. ಆದರೆ ನನ್ನ ಪಕ್ಕದ ಮೇಜಿನಲ್ಲಿ ಕುಳಿತು ನನ್ನಷ್ಟೇ ವರ್ಷ ಕನ್ನಡ ಕಲಿಸಿದ ಸಹೋದ್ಯೋಗಿಗೆ ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಕನ್ನಡ ಚೆನ್ನಾಗಿರುವುದು ಸಹಜ, ನನ್ನದು ಚೆನ್ನಾಗಿರುವುದು ಸುದ್ದಿ.

ನಮ್ಮ ಮನೆಯ ಮಾತು ದಖ್ಖನಿ ಉರ್ದು. ಅಬ್ಬಾ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವರು. 1912ರಲ್ಲಿ ಒಡೆಯರ ಕಾಲದಲ್ಲಿ ಆರಂಭವಾದ ಆ ಕಾರ್ಖಾನೆಯ ಸೀರೆಯುಡದೆ ಈ ಸೀಮೆಯಲ್ಲಿ ಎಷ್ಟು ಮದುವೆಗಳು ನಡೆದಿರಬಹುದೋ ಅಲ್ಲಾಹನೇ ಬಲ್ಲ. ಅಮ್ಮೀ ಫಜ್ರ್ ನಮಾಝಿನ ನಂತರ ಕುರ್‌ಆನ್ ಪಾರಾಯಣ ಮಾಡುತ್ತಿದ್ದುದು ಅರಬಿಯಲ್ಲಿ, ನಮ್ಮನ್ನು ಎಬ್ಬಿಸುತ್ತಿದ್ದುದು ಉರ್ದುವಿನಲ್ಲಿ, ಹಾಲಿನವರೊಡನೆ ಜಗಳವಾಡುತ್ತಿದ್ದುದು ಅಪ್ಪಟ ಮೈಸೂರು ಕನ್ನಡದಲ್ಲಿ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವಾಗ ನಡುಗನ್ನಡದ ಷಟ್ಪದಿಗಳು ನನಗೆ ಪರಕೀಯವೆನಿಸಲಿಲ್ಲ. ಹೀಗಿದ್ದರೂ ನಾನು ಯಾರೆಂಬುದನ್ನು ಕುರಿತು ಯೋಚಿಸದೆ ನನಗೆ ಬೇರೆ ದಾರಿಯಿರಲಿಲ್ಲ, ಏಕೆಂದರೆ ಸುತ್ತಲಿನವರು ದಿನಕ್ಕೊಮ್ಮೆಯಾದರೂ ಅದನ್ನು ನೆನಪಿಸುತ್ತಿದ್ದರು. ಇದರಿಂದ ನನಗೊಂದು ಲಾಭವೂ ಆಯಿತು. ತರಗತಿಯ ಹಿಂದಿನ ಬೆಂಚಿನಲ್ಲಿ ತನ್ನನ್ನು ಯಾರೂ ಗಮನಿಸದಿರಲಿ ಎಂದು ಕುಗ್ಗಿ ಕುಳಿತ ಮಗು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಆದರೆ ಯಾರಿಗೆ ಯಾರೂ ಹಾಗೆ ನೆನಪಿಸುವುದಿಲ್ಲವೋ, ಊರಿನಲ್ಲಿ, ಪಠ್ಯದಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲೆಲ್ಲೂ ತಮ್ಮ ಮನೆಯ ಪ್ರತಿಬಿಂಬವನ್ನೇ ಕಂಡು ಬೆಳೆದಿರುತ್ತಾರೋ, ಅಂತಹ ಶಿಕ್ಷಕರು ತಾವು ಯಾರೆಂಬುದನ್ನು ಎಲ್ಲಿ ಕಲಿಯಬೇಕು? ಈ ಪ್ರಶ್ನೆ ಹಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಓದುಗರು ಇದನ್ನು ದೂರು ಎಂದು ಭಾವಿಸಬಾರದು. ನಮ್ಮ ಮಕ್ಕಳು ದಿನಕ್ಕೆ ಆರೇಳು ಗಂಟೆ ಕಳೆಯುವ ಕೋಣೆಯಲ್ಲಿ ಅವರ ಎದುರಿಗೆ ನಿಲ್ಲುವ ವ್ಯಕ್ತಿಯ ಒಳಗೇನಿದೆ ಎಂಬುದು ಪ್ರತಿಯೊಬ್ಬ ತಂದೆ ತಾಯಿಯ ಪ್ರಶ್ನೆಯೂ ಆಗಿದೆ.

ಕಾಗದದ ಮೇಲೆ ಈ ಪ್ರಶ್ನೆಗೆ ಉತ್ತರವುಂಟು. 2009ರಲ್ಲಿ ಬಂದ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಿಕ್ಷಕನಾಗುವವನು ಮೊದಲು ತನ್ನ ನಂಬಿಕೆ, ಪೂರ್ವಗ್ರಹ, ಸಾಮಾಜಿಕ ಸ್ಥಾನಗಳನ್ನು ಪರಿಶೀಲಿಸಿಕೊಳ್ಳಬೇಕೆಂದು ಬಯಸಿತು. 2014ರ ಕೊನೆಯಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದುವರೆಗೆ ಒಂದು ವರ್ಷದ್ದಾಗಿದ್ದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು, ಶಾಲೆಗಳಲ್ಲಿ ಕಳೆಯಬೇಕಾದ ಅವಧಿ 20 ವಾರಗಳಿಗೆ ಏರಿತು. ಅದರ ಜೊತೆಗೆ ‘ಅಂಡರ್‌ಸ್ಟ್ಯಾಂಡಿಂಗ್ ದಿ ಸೆಲ್ಫ್’ ಎಂಬ ಒಂದು ಕೋರ್ಸ್ ಕೂಡ ಬಂತು. ತನ್ನನ್ನು ತಾನು ಅರಿಯುವ ಪಾಠ ಎನ್ನೋಣ. ಜಾತಿ, ಧರ್ಮ, ಭಾಷೆ, ಲಿಂಗ, ವರ್ಗ ಇವು ತನ್ನನ್ನು ಹೇಗೆ ರೂಪಿಸಿವೆ ಎಂಬುದನ್ನು ಭಾವೀ ಶಿಕ್ಷಕರು ಬರೆಯಬೇಕು, ಒಬ್ಬರದನ್ನೊಬ್ಬರು ಕೇಳಬೇಕು, ಚರ್ಚಿಸಬೇಕು ಎಂಬುದು ಅದರ ಆಶಯ. ನಮ್ಮ ಮೈಸೂರು ಶಿಕ್ಷಕರ ಶಿಕ್ಷಣಕ್ಕೆ ಹೆಸರಾದ ಊರು. 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಲ್ಲಿದೆ. ಟಿಪ್ಪು ಸುಲ್ತಾನರು ಕೋಟೆ ಕಟ್ಟಲು ಹೊರಟಿದ್ದ ನಜರ್‌ಬಾದಿನ ವಸಂತಮಹಲಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಖಾಸಗಿ ಬಿ.ಎಡ್. ಕಾಲೇಜುಗಳಂತೂ ಎಣಿಸುವಷ್ಟು ಸುಲಭವಾಗಿಲ್ಲ.

ಪ್ರತಿ ವರ್ಷ ಈ ಕಾಲೇಜುಗಳಿಂದ ನಮ್ಮ ಶಾಲೆಗೆ ಪ್ರಶಿಕ್ಷಣಾರ್ಥಿಗಳು ಬರುತ್ತಾರೆ. ಅವರ ಕೈಯಲ್ಲಿ ರೆಕಾರ್ಡ್ ಪುಸ್ತಕಗಳ ಕಟ್ಟು. ತನ್ನನ್ನು ತಾನು ಅರಿಯುವ ಪಾಠಕ್ಕೂ ಒಂದು ರೆಕಾರ್ಡ್, ಅಂದವಾದ ಅಕ್ಷರ, ಬಣ್ಣದ ಪೆನ್ನಿನ ಗೆರೆ, ಸುತ್ತ ಹೂಬಳ್ಳಿ. ಕುತೂಹಲದಿಂದ ತೆರೆದು ನೋಡಿದರೆ ಹತ್ತು ಜನರ ‘ನಾನು’ ಒಂದೇ ‘ನಾನು’ ಆಗಿರುತ್ತದೆ: ನನ್ನ ಸಾಮರ್ಥ್ಯ ಸಮಯಪಾಲನೆ, ನನ್ನ ದೌರ್ಬಲ್ಯ ಬೇಗ ಕೋಪ ಬರುವುದು, ನನ್ನ ಗುರಿ ಆದರ್ಶ ಶಿಕ್ಷಕಿಯಾಗುವುದು. ಹಿರಿಯ ಬ್ಯಾಚಿನವರು ಕೊಟ್ಟದ್ದನ್ನು ನಕಲು ಮಾಡಿದ್ದು. ಅವರನ್ನು ನಾನು ದೂಷಿಸಲಾರೆ. ನಿಜವಾದ ‘ನಾನು’ವನ್ನು ಬರೆದು ಅಂಕಕ್ಕಾಗಿ ಒಪ್ಪಿಸುವ ಧೈರ್ಯ ಯಾರಿಗಿದೆ?

ಆದ್ದರಿಂದ ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ಏರ್ಪಾಡು ಮಾಡಿಕೊಂಡೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪ್ರಶಿಕ್ಷಣಾರ್ಥಿಗಳನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡುವುದು. ಬರಹವಿಲ್ಲ, ಅಂಕವಿಲ್ಲ, ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಒಂದು ವಾರಕ್ಕೆ ಒಂದೇ ಪ್ರಶ್ನೆ. ನಿಮಗೆ ಹೆಸರಿಟ್ಟವರು ಯಾರು, ಅದನ್ನು ಶಾಲೆಯಲ್ಲಿ ಹೇಗೆ ಕರೆಯುತ್ತಿದ್ದರು? ಊಟದ ಡಬ್ಬಿಯನ್ನು ಯಾರ ಎದುರಿಗಾದರೂ ಮುಚ್ಚಿಟ್ಟುಕೊಂಡದ್ದುಂಟೆ? ನಿಮ್ಮ ಮನೆಯೊಳಗೆ ಎಂದೂ ಕಾಲಿಡದ ಜನ ಯಾರು, ನೀವು ಎಂದೂ ಕಾಲಿಡದ ಮನೆಗಳು ಯಾರವು? ಮೊದಲೆರಡು ವಾರ ಎಲ್ಲರೂ ನಗುತ್ತಾರೆ. ಮೂರನೆಯ ವಾರದ ಹೊತ್ತಿಗೆ ಮಾತು ಆಳಕ್ಕೆ ಇಳಿಯುತ್ತದೆ.

ಅವರ ಗುರುತು ತಿಳಿಯದಂತೆ, ಅವರ ಒಪ್ಪಿಗೆ ಪಡೆದೇ ಒಂದೆರಡನ್ನು ಇಲ್ಲಿ ಹೇಳುತ್ತೇನೆ. ಎಚ್.ಡಿ. ಕೋಟೆ ಕಡೆಯ ಒಬ್ಬ ಯುವಕ ತನ್ನ ಹಾಡಿಯ ಹೆಸರನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ, ಹತ್ತಿರದ ಊರಿನ ಹೆಸರನ್ನು ಹೇಳಿಕೊಂಡು ಎರಡು ವರ್ಷ ಕಳೆದಿದ್ದ. ಕೊಡಗಿನ ಒಬ್ಬಾಕೆಗೆ ತನ್ನ ಮನೆಮಾತಿಗೆ ಪಠ್ಯಪುಸ್ತಕವೇ ಇಲ್ಲವೆಂಬುದು ಬಾಲ್ಯದಿಂದಲೂ ಒಂದು ಬೇಸರ. ಸಭ್ಯ ಕುಟುಂಬದ, ಓದಿನಲ್ಲಿ ಮುಂದಿದ್ದ ಮತ್ತೊಬ್ಬಾಕೆ ಬಹಳ ಹೊತ್ತು ಸುಮ್ಮನಿದ್ದು, “ನನಗೆ ಇಂಥದ್ದೇನೂ ಆಗಿಲ್ಲ ಮೇಡಂ. ನನಗೆ ಹೇಳೋದಕ್ಕೇ ಏನೂ ಇಲ್ಲ” ಎಂದಳು. ಸ್ವಲ್ಪ ಹೊತ್ತಿನ ನಂತರ ತಾನೇ, “ಏನೂ ಆಗದೆ ಇರೋದೂ ಒಂದು ಗುರುತೇ ಅಲ್ವಾ?” ಎಂದು ಕೇಳಿದಳು. ನಾನು ಕೇಳಿದ ಅತ್ಯುತ್ತಮ ಉತ್ತರಗಳಲ್ಲಿ ಅದೂ ಒಂದು.

ಇದೆಲ್ಲದರ ಬೆಲೆ ತಿಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತ್ತು, ರಾಜ್ಯ ಸರ್ಕಾರ ಅವರನ್ನು ದಸರಾ ಉದ್ಘಾಟನೆಗೆ ಆಹ್ವಾನಿಸಿತ್ತು. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಅದೇ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ್ದನ್ನು ಊರು ಸಂತೋಷದಿಂದ ನೋಡಿತ್ತು. ಈ ಬಾರಿ ಹಾಗಾಗಲಿಲ್ಲ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಟೀ ಅಂಗಡಿಯಲ್ಲಿ ವಾದವೋ ವಾದ, ನ್ಯಾಯಾಲಯದಲ್ಲಿ ಅರ್ಜಿಗಳು. ಹೈಕೋರ್ಟ್ ಅವನ್ನು ವಜಾ ಮಾಡಿತು, ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಉದ್ಘಾಟನೆ ನಡೆಯಿತು. ದೊಡ್ಡವರ ವಾದ ಹೀಗೆ ಮುಗಿಯಿತು. ಅದಕ್ಕೆ ಎರಡು ಮೂರು ವಾರ ಮೊದಲೇ ವಾದ ನಮ್ಮ ಎಂಟನೇ ತರಗತಿಯೊಳಗೆ ಬಂದಿತ್ತು.

ಅಂದು ಪಾಠ ಮಾಡುತ್ತಿದ್ದವಳು ನಂಜನಗೂಡಿನ ಕಡೆಯ ಪ್ರಶಿಕ್ಷಣಾರ್ಥಿ. ಉದಯಗಿರಿಯಿಂದ ಬರುವ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಅವರು ದಸರಾ ಶುರು ಮಾಡಬಾರದು ಅಂತಾರಲ್ಲ, ಹಾಗಾದ್ರೆ ನಾವು ಜಂಬೂ ಸವಾರಿ ನೋಡೋಕೆ ಹೋಗಬಹುದಾ?” ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಪ್ರತಿ ವರ್ಷ ಅಪ್ಪನ ಹೆಗಲ ಮೇಲೆ ಕುಳಿತು ಆನೆ ನೋಡಿದ ಹುಡುಗ ಅವನು. ಬನ್ನಿಮಂಟಪದ ಕಡೆಗೆ ಹೋಗುವ ದಾರಿಯ ಇಕ್ಕೆಲದ ಮೊಹಲ್ಲಾಗಳ ಮಕ್ಕಳಿಗೆ ಜಂಬೂ ಸವಾರಿ ಪರರ ಉತ್ಸವವಾಗಿದ್ದುದು ಯಾವಾಗ? ನಾನು ತರಗತಿಯ ಕೊನೆಯಲ್ಲಿ ಕುಳಿತಿದ್ದೆ, ನನ್ನ ಬಾಯಿಗೆ ಉತ್ತರ ಬಂದಿತ್ತು. ಆದರೆ ಪಾಠ ಅವಳದು. ಅವಳು ಕೆಲ ಕ್ಷಣ ಸುಮ್ಮನೆ ನಿಂತಳು. ನಲವತ್ತು ಮಕ್ಕಳು ಅವಳ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ಅವಳು, “ಹೋಗಬಹುದು ಅಲ್ಲ, ಹೋಗಬೇಕು. ನನಗೆ ಈ ಊರಲ್ಲಿ ದಾರಿ ಗೊತ್ತಿಲ್ಲ, ಎಲ್ಲಿ ನಿಂತರೆ ಆನೆ ಚೆನ್ನಾಗಿ ಕಾಣುತ್ತೆ ಅಂತ ನೀನೇ ಹೇಳಬೇಕು” ಎಂದಳು. ಹುಡುಗ ಸಯ್ಯಾಜಿರಾವ್ ರಸ್ತೆಯ ಯಾವ ಕಟ್ಟೆಯ ಮೇಲೆ ಎಷ್ಟು ಗಂಟೆಗೆ ಜಾಗ ಹಿಡಿಯಬೇಕೆಂದು ವಿವರಿಸತೊಡಗಿದ. ಇತರ ಮಕ್ಕಳು ಅವನನ್ನು ತಿದ್ದಲು ಎದ್ದರು. ತರಗತಿ ಗದ್ದಲವಾಯಿತು. ವ್ಯಾಕರಣದ ಪಾಠ ಅಂದು ಅರ್ಧಕ್ಕೇ ನಿಂತಿತು.

ಆಮೇಲೆ ಸ್ಟಾಫ್ ರೂಮಿನಲ್ಲಿ ಅವಳು ನನಗೆ ಹೇಳಿದ್ದೇ ನನ್ನ ಲೇಖನದ ವಿಷಯ. “ಮೇಡಂ, ನಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಇದೇ ಮಾತು. ನಮ್ಮಪ್ಪ ಅವರು ಉದ್ಘಾಟಿಸಬಾರದು ಅನ್ನೋ ಕಡೆ. ನಾನು ಅಪ್ಪನ ಎದುರು ಮಾತಾಡೋಳಲ್ಲ. ಆ ಹುಡುಗ ಕೇಳಿದಾಗ ಮೊದಲು ಬಾಯಿಗೆ ಬಂದದ್ದು ನಮ್ಮಪ್ಪನ ಮಾತು. ಅದು ನಮ್ಮಪ್ಪನದು, ನನ್ನದಲ್ಲ ಅಂತ ಗೊತ್ತಾಗೋಕೆ ಅಷ್ಟು ಹೊತ್ತು ಬೇಕಾಯ್ತು.” ಅವಳು ತಂದೆಯನ್ನು ಅಗೌರವಿಸಲಿಲ್ಲ, ತನ್ನ ಮನೆಯನ್ನು ನಿರಾಕರಿಸಲೂ ಇಲ್ಲ. ತನ್ನೊಳಗಿನ ಮಾತು ಎಲ್ಲಿಂದ ಬಂತೆಂದು ಗುರುತಿಸಿದಳು, ಅಷ್ಟೇ. ಆ ಕೆಲವು ಕ್ಷಣಗಳ ಮೌನವನ್ನು ಕಲಿಸುವುದೇ ಶಿಕ್ಷಕರ ತರಬೇತಿಯ ಅತ್ಯಂತ ಕಠಿಣವಾದ ಕೆಲಸ ಎಂದು ನಾನು ನಂಬುತ್ತೇನೆ.

ಈ ಮಾತು ನಮ್ಮ ದೀನಿಗೆ ಹೊಸದಲ್ಲ. ಪವಿತ್ರ ಕುರ್‌ಆನಿನ 80ನೇ ಅಧ್ಯಾಯವಾದ ‘ಅಬಸ’ದ ಹಿನ್ನೆಲೆಯನ್ನು ಮದ್ರಸದಲ್ಲಿ ಓದಿದ ಪ್ರತಿ ಮಗುವೂ ಬಲ್ಲದು. ಪ್ರವಾದಿ(ಸ)ರು ಮಕ್ಕಾದ ಕುರೈಶ್ ಪ್ರಮುಖರಿಗೆ ಸತ್ಯವನ್ನು ತಿಳಿಹೇಳುವುದರಲ್ಲಿ ಮಗ್ನರಾಗಿದ್ದರು. ಆಗ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಎಂಬ ಅಂಧ ಸಹಾಬಿ ಕಲಿಯುವ ಹಂಬಲದಿಂದ ಬಂದು ಮಾತು ತಡೆದರು. ಪ್ರವಾದಿ(ಸ)ರ ಮುಖದಲ್ಲಿ ಒಂದು ಗಂಟು ಮೂಡಿತು, ಅವರು ಅತ್ತ ತಿರುಗಿದರು. ಆ ಕ್ಷಣವನ್ನು ಅಲ್ಲಾಹನು ವಚನಗಳ ಮೂಲಕ ತಿದ್ದಿದನು. ಪ್ರಮುಖರು ಮುಖ್ಯರೆಂಬ ಲೆಕ್ಕಾಚಾರದಲ್ಲಿ ಸಂದೇಶದ ಹಿತವೇ ಇತ್ತು, ಸ್ವಾರ್ಥವಿರಲಿಲ್ಲ. ಆದರೂ ಅದು ತಿದ್ದಲ್ಪಟ್ಟಿತು, ಆ ತಿದ್ದುಪಡಿಯನ್ನು ಪ್ರವಾದಿ(ಸ)ರು ಮರೆಮಾಡದೆ ಲೋಕಕ್ಕೆ ಓದಿ ತಿಳಿಸಿದರು.

ಈ ಅಧ್ಯಾಯವನ್ನು ನಾನು ನೂರಾರು ಸಲ ಓದಿದ್ದೇನೆ. ಶಿಕ್ಷಕಿಯಾದ ಮೇಲೆ ಓದಿದಾಗ ಮಾತ್ರ ಒಂದು ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಬಂದವರು ಅಂಧರು. ಆ ಮುಖದಲ್ಲಿ ಮೂಡಿದ ಗಂಟನ್ನು ಅವರು ಕಾಣಲಾರರು. ಒಂದು ಮಾತೂ ಕಟುವಾಗಿ ಹೊರಬಿದ್ದಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅಲ್ಲಿ ಯಾರಿಗೂ ನೋವಾಗಿರಲಿಲ್ಲ, ದೂರು ಕೊಡಲು ಏನೂ ಇರಲಿಲ್ಲ. ಆದರೂ ಅಲ್ಲಾಹನ ಬಳಿ ಅದು ದಾಖಲಾಯಿತು. ಹಾಗಾದರೆ ಎರಡು ಕಣ್ಣುಳ್ಳ, ಶಿಕ್ಷಕರ ಹುಬ್ಬಿನ ಸಣ್ಣ ಚಲನೆಯನ್ನೂ ಓದಬಲ್ಲ ಹತ್ತು ವರ್ಷದ ಮಗುವಿನ ಎದುರು ನಮ್ಮ ಮುಖದ ಹೊಣೆ ಎಷ್ಟಿರಬೇಕು? ಹಾಜರಿ ಕರೆಯುವಾಗ ಒಂದು ಹೆಸರಿನ ಬಳಿ ಬಂದು ತಡವರಿಸಿ ನಗುವುದು, ಉತ್ತರಕ್ಕಾಗಿ ಮುಂದಿನ ಬೆಂಚಿನತ್ತಲೇ ನೋಡುವುದು, ಒಂದು ಮೊಹಲ್ಲಾದ ಹೆಸರು ಕೇಳಿದಾಗ ಅರೆಕ್ಷಣ ಬದಲಾಗುವ ದನಿ. ಇವಾವುದಕ್ಕೂ ಇಲಾಖೆಯಲ್ಲಿ ನಮೂನೆಯಿಲ್ಲ.

ಇದೇ ಮಾತಿನ ಇನ್ನೊಂದು ಮಗ್ಗುಲು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಮುಆವಿಯಾ ಇಬ್ನುಲ್ ಹಕಮ್ ಅಸ್ಸುಲಮಿ(ರ)ಯವರ ಘಟನೆಯಲ್ಲಿದೆ. ಆಗಷ್ಟೇ ಇಸ್ಲಾಮಿಗೆ ಬಂದಿದ್ದ ಅವರು, ನಮಾಝಿನ ನಡುವೆ ಒಬ್ಬರು ಸೀನಿದಾಗ ಗಟ್ಟಿಯಾಗಿ ಹಾರೈಸಿಬಿಟ್ಟರು. ಸಾಲಿನಲ್ಲಿದ್ದವರೆಲ್ಲ ಕೆಕ್ಕರಿಸಿ ನೋಡಿದರು, ತೊಡೆ ತಟ್ಟಿ ಸುಮ್ಮನಾಗಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ರು ಬೈಯಲಿಲ್ಲ, ಹೊಡೆಯಲಿಲ್ಲ, ಸಿಡುಕಲಿಲ್ಲ. ನಮಾಝಿನಲ್ಲಿ ಲೌಕಿಕ ಮಾತು ಸಲ್ಲದೆಂದು ವಿವರಿಸಿದರು. ಅದಕ್ಕಿಂತ ಉತ್ತಮ ಶಿಕ್ಷಕರನ್ನು ತಾವು ಹಿಂದೆಯೂ ಮುಂದೆಯೂ ಕಾಣಲಿಲ್ಲವೆಂದು ಆ ಸಹಾಬಿ ಸ್ಮರಿಸಿದ್ದಾರೆ. ಅವರ ನೆನಪಿನಲ್ಲಿ ಉಳಿದ ಎರಡನ್ನು ಗಮನಿಸಿ: ಸುತ್ತಲಿನವರ ನೋಟ ಮತ್ತು ಶಿಕ್ಷಕರ ನಡವಳಿಕೆ. ಹೊಸ ಶಾಲೆಗೆ ಸೇರಿದ ಮಗುವನ್ನು ಕೇಳಿ ನೋಡಿ, ಅದು ಹೇಳುವುದೂ ಇವೆರಡನ್ನೇ.

ದಿನದ ಕೊನೆಗೆ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸಿಕೊಳ್ಳುವುದನ್ನು ನಮ್ಮ ಹಿರಿಯರು ಮುಹಾಸಬ ಎಂದು ಕರೆದರು. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಇದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದಾರೆ. ಅದೇ ಗ್ರಂಥದ ಆರಂಭದ ಜ್ಞಾನಾಧ್ಯಾಯದಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತ, ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣುವುದನ್ನು ಮೊದಲ ಸ್ಥಾನದಲ್ಲಿ ಇರಿಸಿದ್ದಾರೆ. ಎನ್‌ಸಿಟಿಇ ಕೇಳುತ್ತಿರುವುದಕ್ಕೂ ಮುಹಾಸಬಕ್ಕೂ ಒಂದು ವ್ಯತ್ಯಾಸವುಂಟು. ಮುಹಾಸಬವನ್ನು ಸಾಮಾನ್ಯವಾಗಿ ನಾವು ಪಾಪ ಪುಣ್ಯಗಳ ಲೆಕ್ಕವೆಂದು ತಿಳಿಯುತ್ತೇವೆ. ಹುಟ್ಟಿದ ಮನೆ, ಆಡಿದ ಭಾಷೆ, ಬೀದಿಯಲ್ಲಿ ಕೇಳಿದ ಮಾತು ನಮ್ಮ ನೋಟವನ್ನು ಹೇಗೆ ಬಾಗಿಸಿವೆ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳುವುದಕ್ಕೆ ಅಡ್ಡಿ ಏನಿದೆಯೋ ನನಗೆ ತಿಳಿಯದು.

2022ರ ಆ ದಿನಗಳನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಫೆಬ್ರವರಿ 5ರಂದು ಸಮವಸ್ತ್ರದ ಕುರಿತು ಸರ್ಕಾರಿ ಆದೇಶ, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಕಾನೂನಿನ ವಿಚಾರವನ್ನು ಬಲ್ಲವರು ಬರೆದಿದ್ದಾರೆ. ನನಗೆ ನೆನಪಿರುವುದು ಗೇಟುಗಳು. ಆದೇಶವನ್ನು ಜಾರಿಗೊಳಿಸಲು ಗೇಟಿನಲ್ಲಿ ನಿಂತವರು ನ್ಯಾಯಾಧೀಶರಲ್ಲ, ಮಂತ್ರಿಗಳಲ್ಲ, ಆ ಹೆಣ್ಣುಮಕ್ಕಳಿಗೆ ವರ್ಷವಿಡೀ ಪಾಠ ಹೇಳಿದ ಶಿಕ್ಷಕಿಯರು. ಅವರಿಗೆ ಆದೇಶದ ಪ್ರತಿ ತಲುಪಿತ್ತು. ಆ ಮಗುವಿನೊಡನೆ ಯಾವ ದನಿಯಲ್ಲಿ, ಯಾವ ಮುಖ ಹೊತ್ತು ಮಾತಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಪರಿಚಿತಳಾದ ಒಬ್ಬ ಹುಡುಗಿ ಇಬ್ಬರು ಶಿಕ್ಷಕಿಯರ ಬಗ್ಗೆ ಹೇಳಿದಳು. ಇಬ್ಬರೂ ಅದೇ ಆದೇಶವನ್ನೇ ಪಾಲಿಸಿದರು. ಒಬ್ಬರು ಬೆರಳು ತೋರಿಸಿ ಕೋಣೆಯ ಕಡೆಗೆ ಕಳುಹಿಸಿದರು. ಇನ್ನೊಬ್ಬರು ತಾವೇ ಜೊತೆಗೆ ಬಂದು, ಬಾಗಿಲಿಗೆ ಅಡ್ಡವಾಗಿ ನಿಂತು, ಅವಳ ದುಪಟ್ಟವನ್ನು ಮಡಿಸಿ ಅವಳ ಬ್ಯಾಗಿನಲ್ಲಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತಂತೆ. ಆ ಹುಡುಗಿ ಈಗ ಪದವಿ ಮುಗಿಸಿ ಬಿ.ಎಡ್.ಗೆ ಅರ್ಜಿ ಹಾಕಿದ್ದಾಳೆ. ಯಾರಂತೆ ಆಗಬೇಕೆಂದು ನಾನು ಕೇಳಲಿಲ್ಲ.

ಶಾಲೆಯೊಳಗೆ ಯಾರು ಕಲಿಸುತ್ತಾರೆ ಎಂಬ ಸಂಖ್ಯೆಯ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಮೈಸೂರು ಸಂಸ್ಥಾನ ಒಂದು ಶತಮಾನದ ಹಿಂದೆಯೇ ಅದನ್ನು ಎತ್ತಿಕೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಸರ್ಕಾರಿ ಸೇವೆ ಒಂದೇ ಸಮುದಾಯದವರ ಕೈಯಲ್ಲಿದೆಯೆಂದು ಕಂಡ ಸಮಿತಿ, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದವರಿಗೆ ದೊರೆಯಬೇಕೆಂದು ಸೂಚಿಸಿತು. ಮುಸ್ಲಿಮರೂ ಆ ಗಣನೆಯೊಳಗಿದ್ದರು. ಅದರ ಫಲವನ್ನು ನಮ್ಮ ಅಜ್ಜ, ಮುತ್ತಜ್ಜರು ಉಂಡಿದ್ದಾರೆ. ಆದರೆ ಹುದ್ದೆ ಹಂಚಿದ ಮಾತ್ರಕ್ಕೆ ನೋಟ ಬದಲಾಗುವುದಿಲ್ಲ. ಇಂದಿಗೂ ಕೆಲವು ತರಗತಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ ಬಂದಾಗ, “2ಬಿ ಅವರೆಲ್ಲ ಎದ್ದು ನಿಲ್ಲಿ” ಎಂದು ಕೂಗುವುದುಂಟು. ಹೆಸರು ಹಿಡಿದು ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆಯಲು ಐದು ನಿಮಿಷ ಹೆಚ್ಚು ಬೇಕಾಗುತ್ತದೆ.

ಕಾಕತಾಳೀಯವೋ ಏನೋ, ದಸರಾ ಉದ್ಘಾಟನೆಯಾದ ಅದೇ ಸೆಪ್ಟೆಂಬರ್ 22ರಂದು ರಾಜ್ಯದ ಶಿಕ್ಷಕರೆಲ್ಲ ಮೊಬೈಲ್ ಹಿಡಿದು ಮನೆಮನೆಗೆ ಹೊರಟೆವು. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ, 60 ಪ್ರಶ್ನೆಗಳು. ನಿಮ್ಮ ಧರ್ಮ ಯಾವುದು, ಜಾತಿ ಯಾವುದು, ಮಾತೃಭಾಷೆ ಯಾವುದು? ಆ್ಯಪ್ ಕೈಕೊಟ್ಟದ್ದು, ಬಿಸಿಲು, ರಜೆ ಹೋದದ್ದು, ಇವುಗಳ ಬಗ್ಗೆ ಶಿಕ್ಷಕರು ಗೊಣಗಿದ್ದು ಸಕಾರಣವೇ. ಆದರೆ ನನ್ನ ಸಹೋದ್ಯೋಗಿಯೊಬ್ಬರು ಹಿಂದಿರುಗಿ ಬಂದು ಹೇಳಿದ್ದು ಬೇರೆ. ಹದಿನೈದು ವರ್ಷಗಳಿಂದ ಆ ಬಡಾವಣೆಯ ಮಕ್ಕಳಿಗೆ ಗಣಿತ ಕಲಿಸಿದ ಅವರು ಅಲ್ಲಿನ ಒಂದು ಮನೆಯೊಳಗೂ ಹೋಗಿರಲಿಲ್ಲ. ಸಮೀಕ್ಷೆಯ ನೆಪದಲ್ಲಿ ಒಳಗೆ ಕುಳಿತಾಗ ಕಂಡದ್ದು: ಒಂದೇ ಕೋಣೆ, ಗೋಡೆಯುದ್ದಕ್ಕೂ ಒಣಗಲು ಹರಡಿದ ಊದುಬತ್ತಿ, ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಿ, ಅವಳ ಪಕ್ಕದಲ್ಲಿ ಹೊಸೆಯುತ್ತ ಕುಳಿತ ತಮ್ಮದೇ ಒಂಬತ್ತನೇ ತರಗತಿಯ ಹುಡುಗಿ. “ಹೋಂವರ್ಕ್ ಮಾಡಲ್ಲ ಅಂತ ದಿನಾ ಬೈತಿದ್ದೆ. ಅವಳ ಬೆರಳು ಕಪ್ಪಗಿರೋದು ಕೊಳೆ ಅಂದ್ಕೊಂಡಿದ್ದೆ” ಎಂದರು. ಅವರ ಊರಿನಲ್ಲಿ ಅವರ ತಾಯಿಯೂ ಬಾಲ್ಯದಲ್ಲಿ ಕೂಲಿಗೆ ಹೋದವರೇ. ಅದನ್ನು ಅವರು ಸ್ಟಾಫ್ ರೂಮಿನಲ್ಲಿ ಹೇಳಿದ್ದು ಅಂದೇ ಮೊದಲು.

ಇನ್ನು ನಮ್ಮವರ ಮಾತು. ಬೇರೆಯವರಿಂದ ಬಯಸುವುದನ್ನು ನಾವು ಕೊಡುತ್ತಿದ್ದೇವೆಯೇ ಎಂಬುದನ್ನು ನೋಡಿಕೊಳ್ಳಬೇಕಲ್ಲವೇ? ಮೈಸೂರಿನಲ್ಲಿ ನಮ್ಮ ಸಮುದಾಯದ ಆಡಳಿತದಲ್ಲಿರುವ ಶಾಲೆಗಳಲ್ಲಿ ಹಲವು ಶಿಕ್ಷಕಿಯರು ಮುಸ್ಲಿಮೇತರರು. ಅಲ್ಪ ಸಂಬಳಕ್ಕೆ ನಿಷ್ಠೆಯಿಂದ ದುಡಿಯುವವರು. ಅವರ ಹಬ್ಬದ ದಿನ ಅವರಿಗೆ ರಜೆ ಕೇಳಲು ಸಂಕೋಚವಾಗುವ ವಾತಾವರಣ ಎಲ್ಲಿಯಾದರೂ ಇದ್ದರೆ ಅದು ನಮಗೆ ಶೋಭಿಸುವುದಿಲ್ಲ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆದರೆಂಬ ವರದಿಯನ್ನು ನಾವು ಪ್ರತಿ ಶೈಕ್ಷಣಿಕ ಸಮಾವೇಶದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ, ನಿನ್ನೆಯವರೆಗೆ ಎದುರಾಳಿಗಳಾಗಿದ್ದವರು. ಅವರ ಮುಂದೆ ನಮ್ಮ ಮಕ್ಕಳನ್ನು ಕೂರಿಸಿದ ವಿಶ್ವಾಸವನ್ನು ನಾವು ಎಷ್ಟು ಉಳಿಸಿಕೊಂಡಿದ್ದೇವೆ?

ನಮ್ಮೊಳಗಿನ ಶ್ರೇಣಿಗಳೂ ಕಡಿಮೆಯಿಲ್ಲ. ದಕ್ಷಿಣ ಕನ್ನಡದಿಂದ ವರ್ಗವಾಗಿ ಬಂದ ಕುಟುಂಬದ ಬ್ಯಾರಿ ಬಾಲಕಿಯೊಬ್ಬಳಿಗೆ ಉರ್ದು ಬಾರದೆಂದು ತರಗತಿಯಲ್ಲಿ, “ನೀನು ಎಂಥ ಮುಸ್ಲಿಮಳು?” ಎಂದು ಕೇಳಿದವರು ಅವಳ ಮುಸ್ಲಿಮ್ ಸಹಪಾಠಿಗಳೇ. ಬ್ಯಾರಿ, ನವಾಯತಿ, ಮಲಯಾಳ ಮನೆಮಾತಾದವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಪಿಂಜಾರ, ನದಾಫ ಕುಟುಂಬಗಳಿವೆ. ಇವರೆಲ್ಲರ ಮಕ್ಕಳು ನಮ್ಮ ನಡುವೆ ಇದ್ದಾರೆ. ಮೆಕ್ಯಾನಿಕ್‌ನ ಮಗನನ್ನೂ ಷೋರೂಮ್ ಮಾಲೀಕನ ಮಗನನ್ನೂ ಒಂದೇ ದನಿಯಲ್ಲಿ ಕರೆಯುವ ಉಸ್ತಾದರು ನಮ್ಮ ಮದ್ರಸಗಳಲ್ಲಿ ಇದ್ದಾರೆ, ಕರೆಯದವರೂ ಇದ್ದಾರೆ. ಜನರನ್ನು ಪಂಗಡಗಳಾಗಿ ಮಾಡಿದ್ದು ಪರಸ್ಪರ ಗುರುತಿಸುವುದಕ್ಕಾಗಿ ಎಂದು ಸೂರಃ ಹುಜುರಾತ್ ನಮಗೆ ತಿಳಿಸುತ್ತದೆ. ಗುರುತಿಸಬೇಕಾದರೆ ಮೊದಲು ತನ್ನ ಪಂಗಡವೂ ಹಲವುಗಳಲ್ಲಿ ಒಂದು ಎಂದು ಅರಿವಾಗಬೇಕು. ತಾನೇ ಅಳತೆಗೋಲು ಎಂದುಕೊಂಡವನಿಗೆ ಉಳಿದವರೆಲ್ಲ ಹೆಚ್ಚು ಕಡಿಮೆಯಾಗಿಯೇ ಕಾಣುತ್ತಾರೆ.

ಶಿಕ್ಷಕರಿಗೆ ಈಗಾಗಲೇ ಹೊರೆ ಸಾಲದೇ ಎಂದು ಕೇಳುವವರಿದ್ದಾರೆ. ನಿಜ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ಪೋರ್ಟಲ್, ಚುನಾವಣೆ, ಗಣತಿ, ಇವುಗಳ ನಡುವೆ ಆತ್ಮಪರಿಶೀಲನೆಗೆ ಇನ್ನೊಂದು ಸುತ್ತೋಲೆ ಬಂದರೆ ನಾನೇ ಮೊದಲು ವಿರೋಧಿಸುತ್ತೇನೆ. ಸುತ್ತೋಲೆಯಿಂದ ಆಗುವ ಕೆಲಸ ಇದಲ್ಲ, ರೆಕಾರ್ಡಿನಿಂದಂತೂ ಅಲ್ಲವೇ ಅಲ್ಲ. ತರಬೇತಿ ಕಾಲೇಜಿನವರು ಆ ಕೋರ್ಸಿನ ಅಂಕಗಳನ್ನು ತೆಗೆದುಹಾಕಿ, ಬೇರೆ ಬೇರೆ ಹಿನ್ನೆಲೆಯ ಐದಾರು ಜನರನ್ನು ಒಂದೆಡೆ ಕೂರಿಸಿ, ನಂಬಿಕಸ್ಥ ಹಿರಿಯರೊಬ್ಬರನ್ನು ಜೊತೆಗಿಟ್ಟರೆ ಬಹಳಷ್ಟು ಆದೀತು ಎಂಬುದು ನನ್ನ ಅನುಭವ. ಎಲ್ಲರೂ ಬದಲಾಗುತ್ತಾರೆ ಎಂದು ಹೇಳಲಾರೆ. ನನ್ನ ಶನಿವಾರಗಳಲ್ಲಿ ಕೊನೆಯವರೆಗೆ ಬಾಯಿ ತೆರೆಯದವರಿದ್ದಾರೆ, ಎರಡನೆಯ ವಾರಕ್ಕೆ ಬಸ್ಸಿನ ನೆಪ ಹೇಳಿ ಹೊರಟವರೂ ಇದ್ದಾರೆ.

ಇಬ್ನ್ ಉಮ್ಮಿ ಮಕ್ತೂಮ್(ರ)ರನ್ನು ಪ್ರವಾದಿ(ಸ)ರು ಮುಂದೆ ಮದೀನಾದಲ್ಲಿ ಮುಅದ್ದಿನ್ ಆಗಿ ನಿಯೋಜಿಸಿದರು. ತಾವು ಊರಿನಿಂದ ಹೊರಗೆ ಹೋಗುವಾಗ ಹಲವು ಬಾರಿ ನಗರದ ಹೊಣೆಯನ್ನು ಅವರಿಗೆ ವಹಿಸಿದರು. ಒಮ್ಮೆ ತಡೆದು ನಿಂತಿದ್ದ ಮನುಷ್ಯನ ದನಿಯೇ ರಮದಾನಿನ ಇರುಳಿನಲ್ಲಿ ಇಡೀ ಊರಿಗೆ ಫಜ್ರ್‌ನ ಸಮಯವನ್ನು ತಿಳಿಸುತ್ತಿತ್ತು. ಸಂಬಂಧವನ್ನು ಸರಿಪಡಿಸುವುದು ಹೀಗೆ, ಕೆಲಸವೊಂದನ್ನು ನಂಬಿ ಕೈಗೆ ಕೊಡುವುದರ ಮೂಲಕ. ನಂಜನಗೂಡಿನ ಆ ಹುಡುಗಿ ದಾರಿ ತೋರಿಸುವ ಹೊಣೆಯನ್ನು ಉದಯಗಿರಿಯ ಹುಡುಗನಿಗೇ ವಹಿಸಿದ್ದು ಈ ಕಾರಣಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅವಳು ಈ ಚರಿತ್ರೆಯನ್ನು ಓದಿದವಳಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ ಇದೆ. ಶಾಲೆಯ ಪೋಷಕರ ಸಭೆಗೆ ತಪ್ಪದೆ ಬನ್ನಿ. ಅಂಕಪಟ್ಟಿಗೆ ಸಹಿ ಹಾಕಿ ಹೊರಟುಬಿಡಬೇಡಿ. ಮಗುವಿನ ಹೆಸರನ್ನು ಹೇಗೆ ಉಚ್ಚರಿಸಬೇಕು, ಅದರ ಅರ್ಥವೇನು ಎಂದು ಶಿಕ್ಷಕರಿಗೆ ಹೇಳಿ, ಅವರ ಊರು ಯಾವುದೆಂದು ಕೇಳಿ. ಕಳೆದ ವರ್ಷ ನಮ್ಮ ಶಾಲೆಯಲ್ಲಿ ಬುರ್ಖಾ ತೊಟ್ಟ ತಾಯಿಯೊಬ್ಬರು ವಿಜ್ಞಾನ ಶಿಕ್ಷಕಿಯನ್ನು ಹೀಗೇ ಕೇಳಿದರು. ಶಿಕ್ಷಕಿ ಕೆ.ಆರ್. ನಗರದವರು, ತಾಯಿಯ ತವರು ಅಲ್ಲೇ ಹತ್ತಿರದ ಸಾಲಿಗ್ರಾಮ. ಮಗನ ಅಂಕದ ವಿಷಯ ಅಲ್ಲಿಗೇ ನಿಂತಿತು. ಆ ವರ್ಷ ನಾಲೆಗೆ ನೀರು ಬಿಟ್ಟದ್ದು, ಭತ್ತದ ಬೆಲೆ, ಇಬ್ಬರ ತಂದೆಯರೂ ಒಂದೇ ಅಕ್ಕಿ ಗಿರಣಿಗೆ ಗಾಡಿ ಹೊಡೆಯುತ್ತಿದ್ದುದು, ಹೀಗೆ ಇಪ್ಪತ್ತು ನಿಮಿಷ ಮಾತು ನಡೆಯಿತು. ಹಿಂದೆ ಸಾಲಿನಲ್ಲಿ ನಿಂತ ಪೋಷಕರು ಗೊಣಗತೊಡಗಿದಾಗ ಮುಖ್ಯೋಪಾಧ್ಯಾಯರು ಬಂದು ಇಬ್ಬರನ್ನೂ ಪಕ್ಕದ ಬೆಂಚಿಗೆ ಕಳುಹಿಸಿದರು.